ಕಂದು ಬಣ್ಣದ 'ದೇ'

"ನನ್ನ ಕಣ್ಣು ಹೋಯಿತು ಅಂತ ಎಲ್ಲರೂ ಹೇಳ್ತಾರೆ ಬಾಯಿ. ಹೋಗಿದ್ರೆ ಹೋಗಿದೆ ಅಂತ ನೀವೇ ಹೇಳಿ, ಮನೆಯಲ್ಲಿ ಕೂತ್ಕೊಳ್ತೇನೆ. ಹೋಗದಿದ್ರೆ ಇದು ಯಾರ ಕೆಲಸ ಅಂತ ಹೇಳಿ."

ಕಂಕನಾಡಿ ಮಾರ್ಕೆಟಿನ ಹಿಂಬದಿಯ ನನ್ನ ಹೊಲಿಗೆ ಅಂಗಡಿಯಲ್ಲಿ ಕುಳಿತು ದೇಯಕ್ಕ ಹೀಗೆ ಹೇಳಿದಾಗ ಗ್ಲ್ಯಾಡಿಸ್ ಬಾಯಿ ಒಂದು ರವಿಕೆಗೆ ಹುಕ್ಕು ಹಾಕುತ್ತಿದ್ದರು. ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿನವರ ಮಾತನ್ನೆಲ್ಲ ಜೋಡಿಸಿಕೊಟ್ಟು ನಿವೃತ್ತರಾದ ಮೇಲೆ, ಮಹಡಿಯ ಮನೆಯಿಂದ ಇಳಿದು ಬಂದು ದಿನವೂ ನನ್ನಲ್ಲಿ ಕೂರುವುದು ಅವರ ಅಭ್ಯಾಸ. ಕಾಣೆಯಾದ ಉಂಗುರ, ಸುಳ್ಳು ಸಹಿ, ಹೆಸರಿಲ್ಲದ ಕಾಗದ, ಇಂಥದ್ದನ್ನು ಹಿಡಿದುಕೊಂಡು ಜನ ಅವರನ್ನು ಹುಡುಕಿ ಬರುತ್ತಾರೆ. ಅವರು ಹೋದಲ್ಲಿಗೆಲ್ಲ ಹಫ್ಸಾ ಎಂಬ ನಾನೂ ಹೋಗುತ್ತೇನೆ, ಏಕೆಂದರೆ ಸ್ಕೂಟರ್ ನನ್ನದು.

ದೇಯಕ್ಕ ನದಿಯಾಚೆಯ ಬೆಂಗ್ರೆಯವರು, ಐವತ್ತೇಳು ದಾಟಿದವರು. ಗಂಡ ಬೂಬಣ್ಣ ದೋಣಿಗಳ ಮೇಲೆ ಹೆಸರು ಬರೆಯುತ್ತಿದ್ದ ಕಾಲದಲ್ಲಿ ಬಣ್ಣ ಕಲಸಿ ಕೊಡುತ್ತಿದ್ದದ್ದು ಇವರೇ. ಬ್ರಷ್ಷಿನ ಕಾಲ ಹೋಗಿ ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆಯ ಮೇಲಿನ ಪ್ರಿಂಟ್ ಬಂದಾಗ, ಬಿಜೈಯಲ್ಲಿ ಬೋರ್ಡು ಪ್ರಿಂಟಿಂಗಿನ ಅಂಗಡಿ ಇಟ್ಟಿದ್ದ ನಿತ್ಯಾನಂದ ಶೆಟ್ಟರು ಇವರನ್ನು ಕರೆದು ಕೂರಿಸಿದರು. ಅದೂ ಕೈಗಾಗಿ ಅಲ್ಲ, ಕಣ್ಣಿಗಾಗಿ. ಮೆಷಿನಿನಿಂದ ಬಂದ ಪ್ರತಿ ತುಂಡನ್ನೂ ದೇಯಕ್ಕ ಬಿಸಿಲಿಗೆ ಹಿಡಿದು ನೋಡಬೇಕು. ಸರಿಯಿದ್ದರೆ ಅಂಚಿನಲ್ಲಿ ಹಸಿರು ಮೇಣದ ಪೆನ್ಸಿಲಿನಿಂದ 'ದೇ' ಎಂದು ಬರೆಯುತ್ತಾರೆ, ಸರಿಯಿಲ್ಲದಿದ್ದರೆ ಕಂದು ಪೆನ್ಸಿಲಿನಿಂದ ಅಡ್ಡಗೆರೆ ಎಳೆಯುತ್ತಾರೆ. ಆ 'ದೇ' ಇಲ್ಲದೆ ಒಂದು ಚೂರೂ ಅಂಗಡಿಯ ಮೆಟ್ಟಿಲು ಇಳಿಯುವಂತಿಲ್ಲ.

ಒಂಬತ್ತು ದಿನಗಳ ಹಿಂದೆ ಆದದ್ದನ್ನು ಅವರು ಹೇಳಿದರು. ಸ್ವರ್ಣಲತಾ ಎಂಬವರ ಹೊಸ ಹೋಟೆಲಿಗೆ ಎಂಟು ಪ್ಯಾನೆಲ್ ಜೋಡಿಸಿದ ಉದ್ದದ ಬೋರ್ಡು ಆಗಬೇಕಿತ್ತು. ಮೇಲೆ ಕೇಪುಳ ಹೂವಿನ ಅಚ್ಚ ಕೆಂಪು, ಅದು ಕೆಳಗಿಳಿಯುತ್ತ ಕೆನೆ ಬಣ್ಣಕ್ಕೆ ಕರಗಬೇಕು. ಎಂಟನ್ನೂ ದೇಯಕ್ಕ ನೋಡಿ, ಹಸಿರು ಗುರುತು ಹಾಕಿ, ಐದೂಮುಕ್ಕಾಲಕ್ಕೆ ಫೆರಿ ಹಿಡಿಯಲು ಹೊರಟಿದ್ದರು. ಮರುದಿನ ಬೋರ್ಡು ಏರಿದಾಗ ಐದನೆಯ ಪ್ಯಾನೆಲ್ ನಡುವಿನಲ್ಲಿ ಹಳೆಯ ಹೆಂಚಿನ ಹಾಗೆ ಕಂದಾಗಿ ನಿಂತಿತ್ತು. ಸ್ವರ್ಣಲತಾ ಎಂಟನ್ನೂ ಇಳಿಸಿ ವಾಪಸು ಕಳಿಸಿದರು.

"ಹಿಂದೆ ತಿರುಗಿಸಿ ನೋಡಿದ್ರೆ ಐದನೆಯದ್ರಲ್ಲಿಯೂ 'ದೇ' ಉಂಟು. ಆದ್ರೆ ಕಂದು ಪೆನ್ಸಿಲಿನದ್ದು. ಪೆನ್ಸಿಲೇ ಗೊತ್ತಾಗದವಳಿಗೆ ಪ್ಯಾನೆಲ್ ಹೇಗೆ ಗೊತ್ತಾಗ್ತದೆ ಅಂತ ನಿತ್ಯಣ್ಣ ಕೇಳಿದ್ರು. ಶನಿವಾರದಿಂದ ಬರುವುದು ಬೇಡ ಅಂದಿದ್ದಾರೆ. ತಂಗಿ ದಿನಕ್ಕೆರಡು ಸಲ ಕಣ್ಣಿಗೆ ಮದ್ದು ಬಿಡ್ತಾಳೆ."

ಬಾಯಿ ನನ್ನತ್ತ ನೋಡಿದರು. ನಾನು ನಾಲ್ಕು ಕೆಂಪು ರವಿಕೆ ಬಟ್ಟೆಗಳನ್ನೂ ದಾರದ ಪೆಟ್ಟಿಗೆಯನ್ನೂ ದೇಯಕ್ಕನ ಮುಂದಿಟ್ಟೆ. ಅವರು ಎಲ್ಲವನ್ನೂ ಬಾಗಿಲ ಬೆಳಕಿಗೆ ಒಯ್ದು, ಉಸಿರು ಬಿಡುವಷ್ಟರಲ್ಲಿ ನಾಲ್ಕಕ್ಕೂ ಸರಿಯಾದ ದಾರ ಇಟ್ಟರು. ಆಮೇಲೆ ನನ್ನ ತೋಳು ನೋಡಿ, "ಹಫ್ಸಾ, ನಿಮ್ಮ ಅಂಗಿಯ ಎಡತೋಳಿನ ಹೊಲಿಗೆ ಬಣ್ಣದಲ್ಲಿ ಒಂದು ನಂಬರ್ ತಿಳಿಯಾದ ದಾರದ್ದು" ಎಂದರು. ಇಪ್ಪತ್ತೆರಡು ವರ್ಷದಿಂದ ಹೊಲಿಯುವ ನನಗೆ! ನೋಡಿದರೆ ಹೌದು. ನನಗೆ ಸಿಟ್ಟು ಬಂತು, ನಗುವೂ ಬಂತು.

"ಕಣ್ಣು ಹೋದದ್ದು ನಿನ್ನದು" ಎಂದು ಬಾಯಿ ನನಗೆ ಹೇಳಿ ಚಪ್ಪಲಿ ಹಾಕಿಕೊಂಡರು.

ಬಿಜೈಯ ಅಂಗಡಿಯಲ್ಲಿ ನಮ್ಮನ್ನು ಎದುರುಗೊಂಡವರು ನಿತ್ಯಾನಂದ ಶೆಟ್ಟರು ಮತ್ತು ಅವರ ಮಗಳು ಚೈತಾಲಿ. ಶೆಟ್ಟರು ಮಾತಿಗೆ ಮೃದು, ತೀರ್ಮಾನಕ್ಕೆ ಅವಸರ. ಚೈತಾಲಿ ಎರಡು ವರ್ಷದಿಂದ ವ್ಯವಹಾರ ನೋಡಿಕೊಳ್ಳುತ್ತಿದ್ದ ಚುರುಕು ಹುಡುಗಿ. ಹಳೆಯ ಮೆಷಿನಿನ ಪಕ್ಕದಲ್ಲಿ ಹೊಸದೊಂದು ಹೊಳೆಯುತ್ತಿತ್ತು. ಅದನ್ನು ಮಾರಲು ಬಂದಿದ್ದ ವಿನೀತ್ ಎಂಬ ಕಂಪೆನಿಯ ಯುವಕ ಎರಡು ವಾರದಿಂದ ಅಲ್ಲೇ ಡೆಮೊ ಕೊಡುತ್ತಿದ್ದ. ಇನ್ನು ಹಳೆಯ ಮೆಷಿನ್ ನಡೆಸುವವನು ರೂಪೇಶ್. ದೇಯಕ್ಕನ ತಂಗಿಯ ಮಗ, ಇಪ್ಪತ್ತೆಂಟರ ಆಸುಪಾಸು, ಆರು ವರ್ಷದಿಂದ ಅದೇ ಕೆಲಸ.

"ಆ ಕೆಟ್ಟದ್ದನ್ನು ಹೊರಗೆ ತಾ ರೂಪೇಶ್" ಎಂದರು ಶೆಟ್ಟರು.

ಎಂಟು ಪ್ಯಾನೆಲ್‌ಗಳು ಅಂಗಳದ ಗೋಡೆಗೆ ಒರಗಿ ಬಿಸಿಲಿಗೆ ಮುಖ ಮಾಡಿದ್ದವು. ರೂಪೇಶ್ ಒಂದೊಂದನ್ನೇ ಮುಂದಕ್ಕೆ ಬಾಗಿಸಿ, ಹಿಂದೆ ಬರೆದ ಸಂಖ್ಯೆ ನೋಡುತ್ತ ಹೋಗಿ ಐದನ್ನು ಎತ್ತಿ ತಂದ. ಶಿಸ್ತಿನ ಹುಡುಗ ಎಂದುಕೊಂಡೆ.

ಪಕ್ಕಪಕ್ಕ ಇಟ್ಟು ನೋಡಿದರೆ ತಪ್ಪು ಬಣ್ಣದ್ದು ಮಾತ್ರ ಅಲ್ಲ. ಬೇರೆ ಏಳರಲ್ಲಿ ಕೆಂಪು ಎಲ್ಲಿ ಮುಗಿದು ಕೆನೆ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಲು ಬರುತ್ತಿರಲಿಲ್ಲ. ಐದನೆಯದರಲ್ಲಿ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು, ನಡುವೆ ಕೊಳೆ ಮೆತ್ತಿದ ಹಾಗಿತ್ತು. ಅಂಟಿಸುವಾಗ ವಿನೈಲಿನ ಅಂಚನ್ನು ಹಿಂದಕ್ಕೆ ಮಡಚುತ್ತಾರೆ. ಆ ಮಡಿಕೆಯಲ್ಲಿ ಏಳು ಹಸಿರು 'ದೇ', ಒಂದು ಕಂದು 'ದೇ'.

"ಈ ಕೆಂಪು ಮೆಷಿನಿಗೆ ಹೇಗೆ ಗೊತ್ತಾಗ್ತದೆ?" ಎಂದು ಬಾಯಿ ಕೇಳಿದರು.

ದೇಯಕ್ಕನ ಮುಖಕ್ಕೆ ಕಳೆ ಬಂತು. "ನಾವು ಕಲಿಸಿದ್ದು. ಸಾಮಾನ್ಯ ಕೆಂಪಾದ್ರೆ ಶಾಯಿಗಳನ್ನು ಅದೇ ಬೆರೆಸಿಕೊಳ್ತದೆ. ಇಂಥ ಕೆಂಪು ಹಾಗೆ ಸಿಕ್ಕುವುದಿಲ್ಲ, ಸ್ಪಾಟ್ ಕಲರ್ ಅಂತ ಪ್ರತ್ಯೇಕ ಇಡ್ಬೇಕು. ಮೂರು ದಿನ ಕೂತು ನಲವತ್ತು ಚೌಕ ಪ್ರಿಂಟ್ ಮಾಡಿದೆವು. ನಡು ಮಧ್ಯಾಹ್ನ ರೋಡಿನ ಬದಿಯಲ್ಲಿ ನಿಂತು, ಸ್ವರ್ಣಲತಮ್ಮ ಕೊಟ್ಟ ಹೂವಿಗೆ ಹಿಡಿದು ಒಂದನ್ನು ಆರಿಸಿದೆ. ಅದ್ರ ಪಾಕವನ್ನು 'ಕೇಪುಳ' ಅಂತ ಹೆಸರಿಟ್ಟು ರೂಪೇಶ್ ಹಳೆ ಮೆಷಿನಿಗೆ ಹಾಕಿದ. ಫೈಲಲ್ಲಿ ಆ ಹೆಸರು ಕಂಡ್ರೆ ಸಾಕು, ಅದು ನಮ್ಮ ಕೆಂಪನ್ನೇ ಹಾಕ್ತದೆ."

"ಆ ಹೆಸರು ಗೊತ್ತಿಲ್ಲದ ಮೆಷಿನ್ ಎಂತ ಮಾಡ್ತದೆ?"

ಉತ್ತರ ಕೊಟ್ಟವನು ವಿನೀತ್. "ಕಂಪ್ಯೂಟರ್ ಪರದೆಗೆ ಅಂತ ಒಂದು ಬದಲಿ ಬಣ್ಣ ಇಟ್ಟಿರ್ತಾರೆ ಮೇಡಮ್, ಅದನ್ನೇ ಹಾಕಿಬಿಡ್ತದೆ."

ಬಾಯಿ ಚೈತಾಲಿಗೆ ಹೇಳಿ ಅದೇ ಫೈಲಿನಿಂದ ಒಂದು ಗೇಣು ಪಟ್ಟಿಯನ್ನು ಎರಡೂ ಮೆಷಿನಿನಲ್ಲಿ ಪ್ರಿಂಟ್ ಮಾಡಿಸಿದರು. ಹಳೆಯದರಿಂದ ಕೇಪುಳ ಬಂತು. ಹೊಸದರಿಂದ ಹೆಂಚು ಬಂತು, ಅವೇ ಮೆಟ್ಟಿಲುಗಳೊಂದಿಗೆ.

ವಿನೀತ್ ಹೊಸ ಮೆಷಿನಿನ ಲೆಕ್ಕ ತೆಗೆದು ತೋರಿಸಿದ. ದೇಯಕ್ಕ ಗುರುತು ಹಾಕಿ ಹೋದ ಆ ಸಂಜೆ ಆರೂ ನಲವತ್ತಕ್ಕೆ ಒಂದು ಪ್ಯಾನೆಲ್ ಉದ್ದದ ಪ್ರಿಂಟ್ ಆಗಿತ್ತು. "ಚೈತಾಲಿ ಮೇಡಮ್ ಟ್ರೈ ಮಾಡಿದ್ರು ಅಂತ ಅಂದುಕೊಂಡೆ" ಎಂದ. "ನಾನು ಇವರೇ ಡೆಮೊ ತೆಗೆದದ್ದು ಅಂದುಕೊಂಡೆ" ಎಂದಳು ಚೈತಾಲಿ. ರೂಪೇಶ್ ತಲೆ ಬಗ್ಗಿಸಿ ರೋಲು ಸುತ್ತುತ್ತಿದ್ದ. ಆ ಸಂಜೆ ಆರರಿಂದ ಏಳೂವರೆವರೆಗೆ ಅಂಗಡಿಯಲ್ಲಿದ್ದವರು ಈ ಮೂವರೇ. ಪ್ರಿಂಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತುವ ಲ್ಯಾಮಿನೇಶನ್ ಕೆಲಸಕ್ಕೆ ಅವಸರದಲ್ಲಿ ಒಬ್ಬರಾದ ಮೇಲೆ ಒಬ್ಬರಂತೆ ಮೂವರೂ ಕೈ ಹಾಕಿದ್ದರು, ಯಾವುದನ್ನು ಯಾರು ಒತ್ತಿದರೆಂದು ಲೆಕ್ಕ ಇಟ್ಟಿರಲಿಲ್ಲ.

ಬಾಯಿಗೆ ಕನ್ನಡಕ ಬೇಕಾಯಿತು. ನಾನು ರೂಪೇಶನಿಗೆ ಕೀ ಕೊಟ್ಟು, "ಗೇಟಿನ ಹತ್ತಿರ ಮೆರೂನ್ ಸ್ಕೂಟರ್ ಉಂಟಲ್ಲ, ಅದ್ರ ಡಿಕ್ಕಿಯಲ್ಲಿ" ಎಂದೆ. ಅವನು ಹೋದವನು ವಾಪಸು ಬಂದ.

"ಎರಡು ಉಂಟು ಅಕ್ಕ, ಒಂದೇ ನಮೂನೆಯದ್ದು. ನಂಬರ್ ಎಂತ?"

"ಕೀ ತಿರುಗಿದ್ದು ನನ್ನದು ಮಾರಾಯ!" ಎಂದೆ. ಈಗಿನವರಿಗೆ ಎಲ್ಲದಕ್ಕೂ ನಂಬರ್ ಬೇಕು. ಪಕ್ಕದ್ದು ಕಡು ಹಸಿರಿನದ್ದಾಗಿತ್ತು.

ನಾನು ಸುಮ್ಮನೆ ನಿಲ್ಲುವವಳಲ್ಲ, ಅಂಗಡಿಯ ಹಿಂದಕ್ಕೆ ಒಂದು ಸುತ್ತು ಹಾಕಿದೆ. ನಮ್ಮೂರಿನಲ್ಲಿ ಹಾಳಾದ ಬ್ಯಾನರ್ ಎಂದೂ ಕಸವಾಗುವುದಿಲ್ಲ, ಯಾವುದೋ ಒಂದಕ್ಕೆ ಹೊದಿಕೆಯಾಗುತ್ತದೆ. ಅಲ್ಲಿ ನೀರಿನ ಪಂಪಿಗೆ ಹೊದೆಸಿದ್ದ ವಿನೈಲಿನ ಒಳಮೈ ಅಚ್ಚ ಕೇಪುಳದ ಬಣ್ಣದ್ದು! ಬಿಡಿಸಿದರೆ ಓರೆಯಾಗಿ ಒಂದು ದೊಡ್ಡ ನೆರಿಗೆ, ಅಂಚಿನಲ್ಲಿ ಸಂಖ್ಯೆ ಐದು, ಅದರ ಪಕ್ಕ ಹಸಿರು 'ದೇ'. ನಾನು ಕೂಗುವ ಮೊದಲೇ ಬಾಯಿ ಬಂದು ತುಟಿಯ ಮೇಲೆ ಬೆರಳಿಟ್ಟರು. ಅದನ್ನು ಸುತ್ತಿ ನನ್ನ ಚೀಲಕ್ಕೆ ತುರುಕಿದೆವು.

ಬರುವ ದಾರಿಯಲ್ಲಿ ನನ್ನ ತೀರ್ಪು ಸಿದ್ಧವಿತ್ತು. "ಚೈತಾಲಿಯೇ. ಹೊಸ ಮೆಷಿನ್ ಬೇಕು, ದೇಯಕ್ಕ ಬೇಡ."

"ದೇಯಕ್ಕ ಪಾಸ್ ಮಾಡಿದ್ದು ಅಂತ ಸುಳ್ಳು ಗುರುತು ಹಾಕುವವಳು ಯಾವ ಪೆನ್ಸಿಲ್ ತೆಗೀತಾಳೆ ಹಫ್ಸಾ?"

"ಹಸಿರು. ಅಲ್ಲ, ಕಣ್ಣು ಹೋಗಿದೆ ಅಂತ ತೋರಿಸ್ಲಿಕ್ಕೆ ಬೇಕಂತಲೇ ಕಂದು."

"ತೋರಿಸ್ಲಿಕ್ಕೆ? ಆ ಗುರುತು ಇದ್ದದ್ದು ಮಡಿಕೆಯಲ್ಲಿ. ಬೋರ್ಡು ಏರಿದ ಮೇಲೆ ಗೋಡೆಯ ಪಲ್ಲಿ ಮಾತ್ರ ಅದನ್ನು ನೋಡ್ಬೇಕು. ಸ್ವರ್ಣಲತಾ ಎಂಟನ್ನೂ ಇಳಿಸ್ತಾರೆ ಅಂತ ಯಾರಿಗೆ ಗೊತ್ತಿತ್ತು?" ಎಂದರು ಬಾಯಿ. ಆಮೇಲೆ ಕಂಕನಾಡಿ ಬರುವವರೆಗೆ ಒಂದು ಮಾತೂ ಆಡಲಿಲ್ಲ. ಗೊತ್ತಾದದ್ದು ಇಷ್ಟವಾಗದಿದ್ದಾಗ ಅವರು ಹಾಗೆ.

ಮರುದಿನ ಶುಕ್ರವಾರ ಹನ್ನೊಂದಕ್ಕೆ ಬಾಯಿ ಎಲ್ಲರನ್ನೂ ಬಿಜೈಯ ಅಂಗಡಿಯಲ್ಲಿ ಸೇರಿಸಿದರು. ಸ್ವರ್ಣಲತಾ ಕೂಡ ಬಂದಿದ್ದರು, ಕೈಗಡಿಯಾರ ನೋಡುತ್ತ. ದೇಯಕ್ಕ ತನ್ನ ಸ್ಟೂಲಿನಲ್ಲಿ ಕೂರದೆ ಬಾಗಿಲ ಬಳಿ ನಿಂತಿದ್ದರು. ನಾಳೆಯಿಂದ ತನ್ನದಲ್ಲದ ಸ್ಟೂಲಿನಲ್ಲಿ ಇಂದು ಕೂರಲು ಅವರಿಗೆ ಮನಸ್ಸಿರಲಿಲ್ಲ.

ಬಾಯಿ ಪಂಪಿನ ಹೊದಿಕೆಯನ್ನು ಮೇಜಿನ ಮೇಲೆ ಹರಡಿದರು.

"ಇದು ನಿಜವಾದ ಐದನೆಯದ್ದು. ಬಣ್ಣ ಸರಿ ಉಂಟು, ಗುರುತು ಹಸಿರು. ಅಂದ್ರೆ ದೇಯಕ್ಕ ಪಾಸ್ ಮಾಡಿದ್ದು ಇದನ್ನು. ಅವ್ರು ಫೆರಿಗೆ ಹೋದ ಮೇಲೆ ಲ್ಯಾಮಿನೇಶನಿನಲ್ಲಿ ಇದಕ್ಕೆ ನೆರಿಗೆ ಬಿತ್ತು. ಬೆಳಿಗ್ಗೆ ಬೋರ್ಡು ಏರ್ಬೇಕು. ಹಳೆ ಮೆಷಿನಿನಲ್ಲಿ ಆಗ ಎಂತ ಇತ್ತು ಚೈತಾಲಿ?"

"ಶಾಲೆಯ ಬ್ಯಾನರ್. ಏಳೂವರೆವರೆಗೆ ಖಾಲಿ ಇರ್ಲಿಲ್ಲ."

"ಹಾಗಾಗಿ ಒಬ್ರು ಅದೇ ಫೈಲನ್ನು ಹೊಸದ್ರಲ್ಲಿ ಹಾಕಿದ್ರು. ಬೆಂಗ್ರೆಯಲ್ಲಿ ಇಳಿದು ದೇಯಕ್ಕನ ಮನೆ ಎಲ್ಲಿ ಅಂತ ಕೇಳಿದ್ರೆ ಎಲ್ಲರೂ ತೋರಿಸ್ತಾರೆ. ಬಿಜೈ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ರೆ ಯಾವುದೋ ಒಂದು ಮನೆ ತೋರಿಸ್ತಾರೆ. ಕೇಪುಳ ಅಂದ್ರೆ ಎಂತ ಅಂತ ಹೊಸ ಮೆಷಿನಿಗೆ ಯಾರೂ ಕಲಿಸಿರ್ಲಿಲ್ಲ, ಅದು ತನಗೆ ತೋಚಿದ ಕಂದನ್ನು ಹಾಕಿತು. ಇಷ್ಟು ಬರೇ ಅವಸರದ ತಪ್ಪು, ಇದ್ರಲ್ಲಿ ಮೋಸ ಇಲ್ಲ."

"ಮತ್ತೆ ಗುರುತು?" ಎಂದರು ಶೆಟ್ಟರು.

"ಅದಕ್ಕೇ ಬಂದೆ. 'ದೇ' ಇಲ್ಲದೆ ಫಿಟ್ಟರ್ ಬೋರ್ಡಿಗೆ ಅಂಟಿಸುವುದಿಲ್ಲ. ಹಾಗಾಗಿ ಅವ್ರೇ 'ದೇ' ಬರೆದ್ರು. ನಿಮಗೆಲ್ಲ ಕಂದು ಪೆನ್ಸಿಲ್ ಕಂಡು, ದೇಯಕ್ಕನಿಗೆ ಬಣ್ಣ ಗೊತ್ತಾಗುವುದಿಲ್ಲ ಅಂತ ಅನ್ನಿಸಿತು. ಬಣ್ಣ ಗೊತ್ತಾಗದವರು ಬರೆದದ್ದು ಅನ್ನುವವರೆಗೆ ನೀವು ಸರಿ. ಹೆಸರು ಮಾತ್ರ ತಪ್ಪಿತು. ಮೋಸ ಮಾಡುವವರು ಹಸಿರನ್ನೇ ತೆಗೀತಿದ್ರು. ಇವ್ರೂ ಹಸಿರು ಅಂತಲೇ ತೆಗೆದದ್ದು. ಬೋರ್ಡಿನ ತಪ್ಪು ಕೂಡ ಅದೇ ಕಣ್ಣಿಗೆ ಕಾಣ್ಲಿಲ್ಲ. ಕಂಡಿದ್ರೆ ಈ ಹೆಂಚನ್ನು ಯಾರಾದ್ರೂ ಹೊರಗೆ ಕಳಿಸ್ತಾರಾ? ಚೈತಾಲಿಗೆ ಮರ್ಯಾದೆ ಹೋಗ್ತದೆ, ವಿನೀತನಿಗೆ ಮಾರಾಟ ಹೋಗ್ತದೆ."

ಹಾಗೆ ಹೇಳುತ್ತ ಅವರು ದೇಯಕ್ಕನ ಗ್ಲಾಸಿನಲ್ಲಿದ್ದ ಎರಡು ಪೆನ್ಸಿಲ್‌ಗಳನ್ನು ಎತ್ತಿಕೊಂಡರು. ಸುತ್ತಿದ ಕಾಗದ ಸವೆದು ಅಕ್ಷರ ಅಳಿಸಿಹೋದ, ಗಿಡ್ಡವಾದ ಪೆನ್ಸಿಲ್‌ಗಳು. "ಆ ಸಂಜೆ ಇದ್ದ ಮೂವರೂ ಹಸಿರಿನಲ್ಲಿ ನಿಮ್ಮ ಹೆಸರು ಬರೀಬೇಕು" ಎಂದರು.

ಚೈತಾಲಿ ಬರೆದಳು, ಹಸಿರು. ವಿನೀತ್ ಬರೆದ, ಹಸಿರು. ಬಾಯಿ ಎರಡನ್ನೂ ಅಂಗೈಯಲ್ಲಿಟ್ಟು ಮೂರನೆಯವನತ್ತ ಚಾಚಿದರು.

ರೂಪೇಶ್ ಕೈ ಎತ್ತಲಿಲ್ಲ. "ನನಗೆ ಕೊಡ್ಬೇಡಿ ಬಾಯಿ" ಎಂದ. "ನನಗೆ ಅವೆರಡೂ ಒಂದೇ."

ಸಂಖ್ಯೆ ನೋಡಿ ಪ್ಯಾನೆಲ್ ಹುಡುಕಿದ್ದು, ಸ್ಕೂಟರಿನ ನಂಬರ್ ಕೇಳಿದ್ದು, ಎಲ್ಲವೂ ಈಗ ನನ್ನ ಮಂದ ತಲೆಗೆ ಇಳಿಯಿತು. ಹೆಂಚಿನಂಥ ಆ ಒಂದು ಪ್ಯಾನೆಲನ್ನು ರಸ್ತೆಯಾಚೆ ನಿಂತವರೂ ಬೆರಳು ತೋರಿಸಿ ಹೇಳುತ್ತಿದ್ದರು. ಇವನು ಅದರ ಹಿಂಬದಿಯ ಸಂಖ್ಯೆ ಓದಿ ಗುರುತಿಸಿದ್ದ. ನಿನ್ನೆ ಅವನಿಗೆ ಬೈದ ನಾಲಿಗೆಯನ್ನು ಕಚ್ಚಿಕೊಂಡೆ.

"ಶಾಲೆಯಲ್ಲಿ ಎಲೆಗೆ ಕಂದು ಬಣ್ಣ ಹಚ್ಚಿ ಪೆಟ್ಟು ತಿಂದೆ" ಎಂದ ರೂಪೇಶ್, ಯಾರನ್ನೂ ನೋಡದೆ. "ಆಮೇಲೆ ಯಾರಿಗೂ ಹೇಳ್ಲಿಲ್ಲ, ಅಮ್ಮನಿಗೂ. ಇಲ್ಲಿ ಎಲ್ಲ ನಂಬರಿನಲ್ಲಿ ನಡೀತದೆ, ಬಣ್ಣ ದೊಡ್ಡಮ್ಮ ನೋಡ್ತಾರೆ. ಅವತ್ತು ಫೈಲ್ ಅದೇ, ಹೆಸರು ಅದೇ. ದೊಡ್ಡಮ್ಮ ಪಾಸ್ ಮಾಡಿ ಆಗಿತ್ತು, ಇನ್ನೊಮ್ಮೆ ಬರೆದ್ರೆ ಎಂತ ಅಂತ ಬರೆದೆ. ಸ್ವರ್ಣಲತಮ್ಮ ಬೊಬ್ಬೆ ಹಾಕುವಾಗ ನಾನು ಬೋರ್ಡನ್ನೇ ನೋಡ್ತಿದ್ದೆ. ಎಂತಕ್ಕೆ ಅಂತ ಗೊತ್ತೇ ಆಗ್ಲಿಲ್ಲ."

"ಗೊತ್ತಾದ ಮೇಲೆ?" ಎಂದರು ಬಾಯಿ, ಮೆಲ್ಲಗೆ.

"ಕೆಂಪು ಕಾಣದವನನ್ನು ಪ್ರಿಂಟಿಂಗಿನಲ್ಲಿ ಯಾರು ಇಟ್ಕೊಳ್ತಾರೆ?"

ದೇಯಕ್ಕ ಬಾಗಿಲಿನಿಂದ ಅವನ ಎದುರಿಗೆ ಬಂದರು. ಹೊಡೆಯುತ್ತಾರೆ ಎಂದೇ ನಾನು ಎಣಿಸಿದ್ದೆ.

"ಕಣ್ಣಿಗೆ ಕಾಣದ್ದು ನಿನ್ನ ತಪ್ಪಲ್ಲ. ಒಂಬತ್ತು ದಿನ ಮಾತಾಡದ್ದು ತಪ್ಪು. ನಿನ್ನ ಅಮ್ಮ ನನಗೆ ಮದ್ದು ಬಿಡುವಾಗ ನೀನು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಕೆಲಸ ಹೋದ್ರೆ ಹೋಗ್ಲಿ ಮಾರಾಯ, ಮೀನು ಮಾರಿಯಾದ್ರೂ ಬದುಕ್ತೇನೆ. ಆದ್ರೆ ದಿನಾ ಬೆಳಿಗ್ಗೆ ಎದ್ದು ಒಂದು ಕಣ್ಣು ಮುಚ್ಚಿ ಇನ್ನೊಂದ್ರಲ್ಲಿ ಅಂಗಳದ ಹೂ ನೋಡ್ತಿದ್ದೆ, ಇದು ನಿಜವಾಗಿ ಕೆಂಪಾ ಅಂತ. ನನ್ನ ಕಣ್ಣನ್ನು ನಾನೇ ನಂಬದ ಹಾಗೆ ಮಾಡಿದ್ಯಲ್ಲ ನೀನು."

ಅವನು ಅತ್ತ. ಇಪ್ಪತ್ತೆಂಟರ ಗಂಡಸು, ಎಲ್ಲರೆದುರು.

ಶೆಟ್ಟರು ಎದ್ದು ನಿಂತರು. "ನನ್ನದೂ ತಪ್ಪು ದೇಯಕ್ಕ. ನಿಮ್ಮನ್ನು ಒಂದು ಮಾತು ಸರಿಯಾಗಿ ಕೇಳ್ದೆ ಹೇಳಿಬಿಟ್ಟೆ. ನಾಳೆ ನೀವು ಬರ್ಬೇಕು. ಇವನನ್ನು ಎಂತ ಮಾಡುವ, ಅದನ್ನೂ ನೀವೇ ಹೇಳಿ."

ದೇಯಕ್ಕ ಬಾಯಿಯ ಕೈಯಿಂದ ಎರಡೂ ಪೆನ್ಸಿಲ್‌ಗಳನ್ನು ತೆಗೆದು ತನ್ನ ಗ್ಲಾಸಿಗೆ ಹಾಕಿದರು. "ಮೆಷಿನ್ ಇವನಷ್ಟು ತಿಳಿದವರು ಇಲ್ಲಿಲ್ಲ. ಇರ್ಲಿ. ಆದ್ರೆ ಇವತ್ತು ಮನೆಗೆ ಹೋಗಿ ನನ್ನ ತಂಗಿಗೆ ಇವನೇ ಎಲ್ಲ ಹೇಳ್ಬೇಕು. ನನ್ನ ಹೆಸರನ್ನು ಇನ್ನು ಮುಟ್ಟಬಾರ್ದು" ಎಂದರು. ಗಡಿಯಾರ ನೋಡುವುದನ್ನು ಯಾವಾಗಲೋ ಬಿಟ್ಟಿದ್ದ ಸ್ವರ್ಣಲತಾ, ಐದನೆಯದನ್ನು ಈಗಲೇ ಪ್ರಿಂಟ್ ಮಾಡಿ, ತಾನು ಕಾಯುತ್ತೇನೆ ಎಂದರು.

ಹಳೆಯ ಮೆಷಿನ್ ಗುರ್ರೆಂದು ಶುರುವಾಯಿತು. ರೂಪೇಶ್ ನಿಂತು ನಡೆಸಿದ, ನಾವೆಲ್ಲ ಸುತ್ತ ನಿಂತೆವು. ಬಣ್ಣ ಒಂದೊಂದೇ ಬೆರಳಗಲ ಹೊರಬಂತು. ಅಂಗಳದ ಬಿಸಿಲಿಗೆ ಹಿಡಿದಾಗ ಸ್ವರ್ಣಲತಾ "ಹಾ, ಇದು" ಎಂದರು. ದೇಯಕ್ಕ ಎರಡೂ ಕಣ್ಣು ತೆರೆದು ನೋಡಿದರು. ಅವಸರ ಮಾಡಲಿಲ್ಲ.

ವಿನೈಲಿನ ಇನ್ನೊಂದು ತುದಿ ಹಿಡಿದು ನಿಂತಿದ್ದ ರೂಪೇಶ್ ಅದನ್ನೇ ದಿಟ್ಟಿಸುತ್ತಿದ್ದ.

"ದೊಡ್ಡಮ್ಮ," ಎಂದ, "ಅದು ಹೇಗೆ ಇರ್ತದೆ? ಆ ಕೆಂಪು?"

ದೇಯಕ್ಕ ಹೇಳಲು ಹೊರಟರು. ನಲವತ್ತು ವರ್ಷ ಬಣ್ಣಗಳಿಗೆ ಹೆಸರಿಟ್ಟ ಹೆಂಗಸು. ಹೂವನ್ನು ನೆನೆದರೋ, ಬೂಬಣ್ಣನ ಡಬ್ಬಿಗಳನ್ನು ನೆನೆದರೋ, ಎರಡು ಸಲ ತುಟಿ ಅಲುಗಿತು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಯಾಕೆ ಮುಚ್ಚಿಡಲಿ.

"ಗೊತ್ತಿಲ್ಲ ಮಗ" ಎಂದರು ಕೊನೆಗೆ. "ಇಷ್ಟು ದಿನ ನನ್ನನ್ನು ಯಾರೂ ಕೇಳ್ಲಿಲ್ಲ."